ನಾಮಫಲಕದ ಕೊನೆಯ ‘ನಿ.’: ಹಾಸನ ಸೀಮೆಯ ಸಂಘ, ನಿಗಮಗಳಲ್ಲಿ ಪರಿಮಿತ ಹೊಣೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಾಲು ಉತ್ಪಾದಕರ ಸಂಘಗಳ ಮತ್ತು ಪತ್ತಿನ ಸಂಘಗಳ ನಾಮಫಲಕಗಳ ತುದಿಯಲ್ಲಿ ಕಾಣುವ ‘ನಿ.’ ಎಂಬುದು ‘ನಿಯಮಿತ’ದ ಸಂಕ್ಷೇಪ. ಸಂಘವು ಸಾಲದಲ್ಲಿ ಮುಳುಗಿದರೂ ಸದಸ್ಯನು ಸಾಮಾನ್ಯವಾಗಿ ತನ್ನ ಷೇರಿನ ಮೊತ್ತಕ್ಕಿಂತ ಹೆಚ್ಚು ತೆರಬೇಕಾಗಿಲ್ಲವೆಂಬ ಪರಿಮಿತ ಹೊಣೆಯನ್ನು, ಸಂಘಕ್ಕೆ ಸಾಲ ಕೊಡುವವನಿಗೆ ಮುಂಚಿತವಾಗಿಯೇ ತಿಳಿಸುವುದು ಅದರ ಉದ್ದೇಶ.

ಇಂಗ್ಲೆಂಡಿನಲ್ಲಿ 1855ರ ಕಾಯ್ದೆಯಿಂದ ಷೇರುದಾರರ ಕಂಪನಿಗಳಿಗೆ ದೊರೆತ ಈ ಸೌಲಭ್ಯವು ಭಾರತಕ್ಕೆ 1857ರಲ್ಲಿ ಬಂದಿತಾದರೂ, ಬ್ಯಾಂಕುಗಳು ಅದಕ್ಕಾಗಿ 1860ರವರೆಗೆ ಕಾಯಬೇಕಾಯಿತು. ಹಳ್ಳಿಯ ಸಹಕಾರವು ಮಾತ್ರ ಇದಕ್ಕೆ ವಿರುದ್ಧವಾದ ತತ್ತ್ವದಿಂದ ಆರಂಭವಾಯಿತು. ಬ್ರಿಟಿಷ್ ಭಾರತದ 1904ರ ಸಹಕಾರ ಪತ್ತಿನ ಕಾಯ್ದೆಯು, ಜರ್ಮನಿಯ ರೈಫೈಸನ್ ಮಾದರಿಯನ್ನು ಅನುಸರಿಸಿ, ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಯನ್ನೇ ಸಾಮಾನ್ಯ ನಿಯಮವಾಗಿಸಿತು. ಅಂದರೆ ಒಬ್ಬನು ತೀರಿಸದೆ ಉಳಿಸಿದ ಬಾಕಿಗೆ ಉಳಿದವರ ಆಸ್ತಿಯೂ ಈಡಾಗುತ್ತಿತ್ತು. ಮರುವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಶಾಸನವನ್ನು ಮಾಡಿಕೊಂಡಿತು. ಅಪರಿಮಿತ ಹೊಣೆಯನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವುದು ಸರಿಯಲ್ಲ: ಅಡವಿಡಲು ಏನೂ ಇಲ್ಲದ ಸಣ್ಣ ರೈತರಿಗೆ ಪರಸ್ಪರ ಜಾಮೀನೇ ಬಂಡವಾಳವಾಗಿತ್ತು, ಮತ್ತು ನೆರೆಯವನ ಸಾಲದ ಮೇಲೆ ಕಣ್ಣಿಡಲು ಪ್ರತಿಯೊಬ್ಬನಿಗೂ ಕಾರಣವಿತ್ತು. ಆದರೆ ಕಳೆದುಕೊಳ್ಳಲು ಹೆಚ್ಚಿದ್ದ ಅನುಕೂಲಸ್ಥರು ಇಂಥ ಸಂಘದಿಂದ ದೂರ ನಿಲ್ಲುವುದಕ್ಕೂ ಅದೇ ಕಾರಣವಾಯಿತು.

ಪರಿಮಿತ ಹೊಣೆಯ ಸಂಘದ ಹೆಸರು ‘ಲಿಮಿಟೆಡ್’ ಎಂಬ ಪದದಿಂದಲೇ ಮುಗಿಯಬೇಕೆಂದು 1912ರ ಭಾರತೀಯ ಕಾಯ್ದೆ ವಿಧಿಸಿತು. 1954ರಲ್ಲಿ ಪ್ರಕಟವಾದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿಯು ಪರಿಮಿತ ಹೊಣೆಯ ದೊಡ್ಡ ಸಂಘಗಳ ಪರವಾಗಿ ನಿಂತ ಮೇಲೆ ಹಳೆಯ ಪದ್ಧತಿ ಹಿಂದೆ ಸರಿಯಿತು. ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ನೋಂದಾಯಿತವಾದ ಸಂಘಗಳ ಹೆಸರುಗಳಲ್ಲಿ ‘ನಿಯಮಿತ’ ಎಲ್ಲೆಡೆ ಕಾಣಿಸಿಕೊಂಡಿತು. ವ್ಯವಸಾಯ ಸೇವಾ ಸಹಕಾರ ಸಂಘವನ್ನು ರೈತರು ‘ವಿಎಸ್‌ಎಸ್‌ಎನ್’ ಎನ್ನುವಾಗ ಕೊನೆಯ ಅಕ್ಷರ ಸೂಚಿಸುವುದು ಇದನ್ನೇ. ಹಾಸನದ ಹಾಲು ಒಕ್ಕೂಟವೂ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಈ ಪದವನ್ನು ಹೊತ್ತಿವೆ.

ಸಹಕಾರದ ಹೊರಗೆ ಲೆಕ್ಕ ಬೇರೆ. ಹೇಮಾವತಿ ನಾಲೆಗಳನ್ನು ನೋಡಿಕೊಳ್ಳುವ ಕಾವೇರಿ ನೀರಾವರಿ ನಿಗಮವು 2003ರಲ್ಲಿ ಕಂಪನಿ ಕಾಯ್ದೆಯಡಿ ಸ್ಥಾಪಿತವಾದ ಸರ್ಕಾರಿ ಕಂಪನಿಯಾದ್ದರಿಂದ ‘ನಿಗಮ ನಿಯಮಿತ’. ಅದೇ ರಾಜ್ಯ ರಸ್ತೆ ಸಾರಿಗೆ ನಿಗಮವು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಿಂದ ಅಸ್ತಿತ್ವ ಪಡೆದದ್ದರಿಂದ ಬರಿಯ ‘ನಿಗಮ’. ಕೆನರಾ ಬ್ಯಾಂಕು 1969ರ ರಾಷ್ಟ್ರೀಕರಣದೊಂದಿಗೆ ‘ಲಿಮಿಟೆಡ್’ ಕಳಚಿಕೊಂಡರೆ, 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಖಾಸಗಿಯಾಗಿಯೇ ಉಳಿದ ಕರ್ಣಾಟಕ ಬ್ಯಾಂಕು ಅದನ್ನು ಇಂದಿಗೂ ಉಳಿಸಿಕೊಂಡಿದೆ.