ಸುಂಡಿಲಿಯ ತಲೆ ಮೇಲೊಂದು ಮೈಕ್ರೋಸ್ಕೋಪ್

ಪಂಚಾಯಿತಿಗೆ ಇಂಟರ್ನೆಟ್ ತರಲು ರಸ್ತೆ ಬದಿ ಅಗೆದು ಫೈಬರ್ ಕೇಬಲ್ ಹೂಳುವುದನ್ನು ನೀವೂ ನೋಡಿರುತ್ತೀರಿ. ಅದರೊಳಗಿನ ಕೂದಲಿನಂಥ ಗಾಜಿನ ಎಳೆಯ ಮೇಲೆ ವೈದ್ಯರ ಕಣ್ಣು ಬಿದ್ದದ್ದು ಬಹಳ ಹಿಂದೆ. 1930ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹೈನ್ರಿಚ್ ಲ್ಯಾಮ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಇಂಥ ಎಳೆಗಳ ಕಟ್ಟಿನ ಮೂಲಕ ಬಲ್ಬಿನ ತಂತಿಯ ಚಿತ್ರವನ್ನು ಆಚೆ ತುದಿಗೆ ದಾಟಿಸಿದ. ಚಿತ್ರ ಮಸುಕಾಗಿತ್ತು. 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಅದನ್ನು ಸುಧಾರಿಸಿದರು. ಹೊಟ್ಟೆಯೊಳಗೆ ಇಳಿಸುವ ಎಂಡೋಸ್ಕೋಪ್ ಬಂದದ್ದು ಆ ದಾರಿಯಲ್ಲಿ.

ನಾವು ಹೇಳಹೊರಟಿದ್ದು ಮಾತ್ರ ಮೆದುಳಿನ ಕಥೆ. 1990ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿನ್‌ಫ್ರೀಡ್ ಡೆಂಕ್ ಮತ್ತು ಜೊತೆಗಾರರು ಹೊಸ ಬಗೆಯ ಲೇಸರ್ ಮೈಕ್ರೋಸ್ಕೋಪ್ ತೋರಿಸಿದರು. ಜೀವಂತ ಮೆದುಳಿನ ಒಳಗಿನ ಜೀವಕೋಶವನ್ನೂ ಅದರಿಂದ ನೋಡಬಹುದಾಯಿತು. ಆದರೆ ಯಂತ್ರ ಮೇಜಿನಷ್ಟು ದೊಡ್ಡದು. ಇಲಿಯ ತಲೆಯನ್ನು ಅಲುಗದಂತೆ ಬಿಗಿಯಬೇಕು. ಬಿಗಿದು ಕೂರಿಸಿದ ಇಲಿಯ ಮೆದುಳು ಓಡಾಡುವ ಇಲಿಯ ಮೆದುಳಿನಂತೆಯೇ ಕೆಲಸ ಮಾಡುತ್ತದೆಂದು ನಂಬುವುದು ಹೇಗೆ?

ಲೇಸರನ್ನು ಫೈಬರಿನಲ್ಲಿ ಇಲಿಯ ತಲೆಗೇ ಒಯ್ಯೋಣವೆಂದರೆ ಗಾಜೇ ಅಡ್ಡಿ. ಈ ಲೇಸರ್ ಒಂದೇ ಸಮ ಉರಿಯುವುದಿಲ್ಲ, ಮಿಂಚಿನಂತೆ ಬಿಟ್ಟುಬಿಟ್ಟು ಹೊಡೆಯುತ್ತದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲಿನಷ್ಟೇ ಒಂದೊಂದು ಮಿಂಚಿನ ಆಯುಸ್ಸು. ಅಷ್ಟರಲ್ಲೇ ಹಲವು ಬಣ್ಣಗಳಿರುತ್ತವೆ, ಗಾಜಿನಲ್ಲಿ ಒಂದೊಂದರ ವೇಗವೂ ಬೇರೆ. ಒಟ್ಟಿಗೆ ಹೊರಟ ಎತ್ತಿನಗಾಡಿಗಳು ಜಾತ್ರೆಗೆ ಹಿಂದುಮುಂದಾಗಿ ತಲುಪಿದಂತೆ, ಮಿಂಚು ಹರಡಿ ಬಲ ಕಳೆದುಕೊಳ್ಳುತ್ತದೆ.

2001ರಲ್ಲಿ ಡೆಂಕ್ ಅವರೂ ಇದ್ದ ತಂಡ ಒಂದು ಉಪಾಯ ಮಾಡಿತು: ನಿಧಾನದ ಬಣ್ಣವನ್ನು ಮೊದಲೇ ಹೊರಡಿಸುವುದು! ತಲೆಯ ಮೇಲಿಡುವ ಮೈಕ್ರೋಸ್ಕೋಪಿನ ತೂಕ 25 ಗ್ರಾಂ. ದೊಡ್ಡ ಇಲಿ ಅದನ್ನು ಹೊತ್ತು ನಡೆಯಿತು. ಸುಂಡಿಲಿಯ ಮೈತೂಕವೇ ಹೆಚ್ಚುಕಡಿಮೆ ಅಷ್ಟು. ಬೆಳಕಿನ ಬಲ ಹೆಚ್ಚಿಸಿದರೆ ಗಾಜು ಮಿಂಚನ್ನು ಮತ್ತೆ ಕೆಡಿಸುವ ತೊಂದರೆಯೂ ಉಳಿಯಿತು.

ಗಾಜೇ ತೊಂದರೆಯಾದರೆ ನಡುವಿನ ಗಾಜನ್ನೇ ತೆಗೆದುಬಿಟ್ಟರೆ? ಇಂಗ್ಲೆಂಡಿನ ಬಾತ್‌ನಲ್ಲಿ ಫಿಲಿಪ್ ರಸೆಲ್ ತಂಡ 1999ರಲ್ಲೇ ಅಂಥ ಟೊಳ್ಳು ಫೈಬರ್ ಎಳೆದಿತ್ತು. ನಡುವೆ ಬರೀ ಗಾಳಿ, ಸುತ್ತ ಜೇನುಗೂಡಿನಂಥ ಗಾಜಿನ ತೂತುಗಳು. ಬೆಳಕು ಬಹುಪಾಲು ಗಾಳಿಯಲ್ಲೇ ಸಾಗುತ್ತದೆ, ಸುತ್ತಲಿನ ಗೂಡು ಅದನ್ನು ಹೊರಬಿಡುವುದಿಲ್ಲ. ನಮಗಂತೂ ಈ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಇದೇ.

2017ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ತಂಡ ಟೊಳ್ಳು ಫೈಬರ್ ಬಳಸಿ 2.15 ಗ್ರಾಂ ತೂಕದ ಮೈಕ್ರೋಸ್ಕೋಪ್ ಮಾಡಿತು. ಅದನ್ನು ಹೊತ್ತ ಸುಂಡಿಲಿ ಎತ್ತರದ ಕಟ್ಟೆಯಿಂದ ಕೆಳಗಿಳಿಯಿತು, ಇನ್ನೊಂದು ಸುಂಡಿಲಿಯನ್ನು ಮಾತಾಡಿಸಿತು. ಆ ಹೊತ್ತಿಗೆ ಅದರ ನರಕೋಶದ ಕವಲುಗಳ ಮೇಲಿನ ಸಣ್ಣ ಮುಳ್ಳುಗಳೂ ಪರದೆಯ ಮೇಲೆ ಕಾಣುತ್ತಿದ್ದವು.