ಕೊಡಲಿಯ ಕಥೆ, ಚಿರೆಕಲ್ಲಿನ ಪಾಠ

ಪರಶುರಾಮನು ಕೊಡಲಿ ಎಸೆದು, ಕಡಲನ್ನು ಹಿಂದೆ ಸರಿಸಿ, ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನೆಲ ಪಡೆದನೆಂಬುದು ಐತಿಹ್ಯ. ಭಟ್ಕಳದ ಹೆಬಳೆಯೂ ಆ ನೆಲದೊಳಗಿನದೇ. ಭಾಷೆಯ ತರಗತಿಯಲ್ಲಿ ಈ ಕಥೆಗೆ ಗೌರವದ ಸ್ಥಾನವಿದೆ. ಆದರೆ ಇಲ್ಲಿನ ಚಿರೆಕಲ್ಲು, ಮಳೆ–ಬಿಸಿಲಿಗೆ ಶಿಲೆ ಶಿಥಿಲಗೊಂಡು ಕಬ್ಬಿಣದ ಅಂಶ ಉಳಿದು ಆದದ್ದು. ಈ ಮಾತನ್ನು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು. ವಿಜ್ಞಾನದ ತರಗತಿಗೆ ಬೇಕಾದ ಅರ್ಹತೆ ಇದು.

ವಿಕಾಸವಾದದೊಡನೆ ಸೃಷ್ಟಿವಾದವನ್ನೂ ಬೋಧಿಸಬೇಕೆಂಬ ಲೂಸಿಯಾನಾ ರಾಜ್ಯದ ಕಾಯ್ದೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ರದ್ದುಪಡಿಸಿತು. ನಮ್ಮಲ್ಲಿ ತೊಡಕು ಬೇರೆ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸವಾದವನ್ನೇ ಕೈಬಿಡಲಾಯಿತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಉಳಿಯಿತು. ಹತ್ತರ ನಂತರ ಜೀವಶಾಸ್ತ್ರ ಓದದ ಮಕ್ಕಳಿಗೆ ಆ ಪಾಠ ತಪ್ಪಿತು. ಅವರ ಪಾಲಿಗೆ ಉಳಿಯುವುದು ಕೊಡಲಿಯ ಕಥೆಯೊಂದೇ ಆದರೆ, ತಪ್ಪು ಕಥೆಯದಲ್ಲ, ನಮ್ಮದು.