ಇಳಿಜಾರಿನ ಲೆಕ್ಕ

ನನ್ನ 1996ರ ಡಾಡ್ಜ್ ರ‍್ಯಾಮ್ ಪಿಕಪ್‌ಗೆ ಏರು ಲೆಕ್ಕಕ್ಕೇ ಇಲ್ಲ. ಹಿಂದೆ ಮೂರು ಟನ್ನಿನ ಟ್ರೈಲರ್ ಇದ್ದರೂ 5.9 ಲೀಟರಿನ ಕಮ್ಮಿನ್ಸ್ ಎಂಜಿನ್ ಗುಡುಗುಡು ಅನ್ನುತ್ತ ಹತ್ತಿಬಿಡುತ್ತದೆ. ಜೀವ ಬಾಯಿಗೆ ಬರುವುದು ಇಳಿಯುವಾಗ. ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಒಳಗೆ ಹೋಗುವ ಗಾಳಿಯ ದಾರಿ ಮುಚ್ಚಿ, ಎಂಜಿನ್ನೇ ವೇಗವನ್ನು ಹಿಡಿಯುತ್ತದೆ. ಈ ಹಳೇ ಡೀಸೆಲ್‌ಗೆ ಆ ಬಾಗಿಲೇ ಇಲ್ಲ.

ಈ ಕಷ್ಟ ಕಂಪನಿಯ ಸ್ಥಾಪಕ ಕ್ಲೆಸ್ಸಿ ಕಮ್ಮಿನ್ಸ್‌ಗೂ ತಪ್ಪಲಿಲ್ಲ. 1931ರಲ್ಲಿ ಆತ ಡೀಸೆಲ್ ಲಾರಿಯಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೊರಟಿದ್ದ. ಕ್ಯಾಲಿಫೋರ್ನಿಯಾದ ಕಹೋನ್ ಘಾಟಿಯಲ್ಲಿ ಬ್ರೇಕ್ ಕಾದು ಕೈಕೊಟ್ಟಿತು. ಕೆಳಗೆ ಲೆವೆಲ್ ಕ್ರಾಸಿಂಗ್, ಹಳಿಯ ಮೇಲೆ ಗೂಡ್ಸ್ ರೈಲು. ಕೂದಲೆಳೆಯಲ್ಲಿ ಪಾರಾದ.

ಆ ಹೆದರಿಕೆ ಅವನನ್ನು ಬಿಡಲಿಲ್ಲ. ವರ್ಷಗಳ ನಂತರ, ಕಂಪನಿಯ ಹೊಣೆ ಕಳಚಿಕೊಂಡ ಮೇಲೆ, ಎಂಜಿನ್ ಬ್ರೇಕ್ ರೂಪಿಸಿದ. ಪಿಸ್ಟನ್ ಗಾಳಿಯನ್ನು ಒತ್ತಿ ಮೇಲಕ್ಕೆ ತರುತ್ತಿದ್ದಂತೆ ಎಕ್ಸಾಸ್ಟ್ ವಾಲ್ವ್ ತೆರೆದುಬಿಡುವುದು. ಒತ್ತಿದ ಶ್ರಮವೆಲ್ಲ ಹೊರಗೆ ಹೋಗಿ ಚಕ್ರ ಸೋಲುತ್ತದೆ. 1961ರಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದು ಡ್ರಿಲ್ ಚಕ್ ತಯಾರಿಸುತ್ತಿದ್ದ ಜೇಕಬ್ಸ್.

ದೊಡ್ಡ ಲಾರಿಗಳಿಗೆ ಆ ಸುಖ ಸಿಕ್ಕಿತು. 1989ರ ಮಾದರಿಯಲ್ಲಿ ಕಮ್ಮಿನ್ಸ್ ಎಂಜಿನ್ ಡಾಡ್ಜ್ ಪಿಕಪ್‌ಗೆ ಬಂದಾಗ ಅದು ಜೊತೆಗೆ ಬರಲಿಲ್ಲ. ಇದು ನನಗೆ ಜಿಪುಣತನವಾಗಿಯೇ ಕಾಣುತ್ತದೆ. ನಮ್ಮಂಥವರು ಸೈಲೆನ್ಸರ್ ಪೈಪಿನೊಳಗೆ ಹೊಗೆ ತಡೆಯುವ ತಟ್ಟೆ ಕೂರಿಸಿಕೊಂಡು, ಘಾಟಿಯ ನೆತ್ತಿಯಲ್ಲೇ ಗೇರ್ ಇಳಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ಟ್ರೈಲರ್ ಬ್ರೇಕಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಇಳಿಯುತ್ತೇವೆ.